ಸೊಂಟದೊಳಗೊಂದು ಉಬ್ಬರವಿಳಿತ

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಈಗ ಎರಡು ಪೆನ್ಸಿಲ್ ಗೆರೆಗಳಿವೆ. ಮೇಲಿನದು ಬೆಳಿಗ್ಗೆ ಆರಕ್ಕೆ, ಹಾಸಿಗೆಯಿಂದ ಎದ್ದವನೇ ಹಿಮ್ಮಡಿಯನ್ನು ಮರಕ್ಕೆ ಒತ್ತಿ ನಿಂತು, ನೆತ್ತಿಯ ಮೇಲೆ ಸ್ಕೇಲು ಇಡಿಸಿ ಎಳೆಸಿಕೊಂಡದ್ದು. ಕೆಳಗಿನದು ಅದೇ ದಿನ ರಾತ್ರಿ ಹತ್ತಕ್ಕೆ. ನಡುವಿನ ಅಂತರ ಒಂದೂಕಾಲು ಸೆಂಟಿಮೀಟರು! ಸ್ಕೇಲು ವಾಲಿರಬೇಕು ಎಂದುಕೊಂಡು ಮರುದಿನ ಮತ್ತೆ ಅಳೆಸಿದೆ, ಅಷ್ಟೇ ಬಂತು. ಮೂರನೆಯ ದಿನ ಮಗಳ ಕೈಗೇ ಪೆನ್ಸಿಲ್ ಕೊಟ್ಟೆ. ಅವಳು ಸ್ಟೂಲು ಹತ್ತಿ ಗೆರೆ ಎಳೆದು, ಇಳಿದು, ಎರಡನ್ನೂ ದಿಟ್ಟಿಸಿ, "ಅಪ್ಪಾ, ನೀನು ದಿನಾ ರಾತ್ರಿ ಕುಳ್ಳ ಆಗ್ತೀಯ!" ಎಂದು ಮನೆಯಿಡೀ ಸಾರಿಕೊಂಡು ಬಂದಳು.

ನಾನೊಬ್ಬನೇ ಅಲ್ಲ, ನೀವೂ! ಸಂಜೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದು ನಿಂತ ಅಷ್ಟೂ ಜನ ಬೆಳಿಗ್ಗೆ ಮನೆ ಬಿಟ್ಟಾಗ ಇದ್ದದ್ದಕ್ಕಿಂತ ಗಿಡ್ಡ. ಹೆಚ್ಚುಕಮ್ಮಿ ನೂರಕ್ಕೆ ಒಂದು ಪಾಲು ಎತ್ತರವನ್ನು ಹಗಲು ತಿಂದುಹಾಕುತ್ತದೆ. ರಾತ್ರಿ ಅದನ್ನು ಸದ್ದಿಲ್ಲದೆ ಮರಳಿಸುತ್ತದೆ. ಹುಟ್ಟಿದಂದಿನಿಂದ ಪ್ರತಿದಿನ ನಮ್ಮೊಳಗೆ ನಡೆದಿರುವ ಈ ಉಬ್ಬರವಿಳಿತ ನಲವತ್ತಾರು ವರ್ಷ ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗಲು ಸೊಂಟ ಹಿಡಿದುಕೊಳ್ಳಬೇಕಾಯಿತು.

ಹಿಡಿದುಕೊಂಡದ್ದಾದರೂ ಯಾವಾಗ? ಅಕ್ಕಿಮೂಟೆ ಎತ್ತುವಾಗಲ್ಲ, ಗ್ಯಾಸ್ ಸಿಲಿಂಡರ್ ಉರುಳಿಸುವಾಗಲ್ಲ. ಬಚ್ಚಲಲ್ಲಿ ಜಾರಿದ ಸೋಪು ಹೆಕ್ಕಲು ಬಗ್ಗಿದೆ. ಒಳಗೆಲ್ಲೋ ಚಳಕ್ ಎಂದಿತು. ಬಗ್ಗಿದವನು ಬಗ್ಗಿದಂತೆಯೇ ಗೋಡೆ ಹಿಡಿದು ಹೊರಗೆ ಬಂದೆ. ಅಮ್ಮ ಫೋನಿನಲ್ಲಿ "ಉಳುಕಿದೆ ಅಷ್ಟೆ, ಎಣ್ಣೆ ಹಚ್ಚಿ ಬಿಸಿನೀರು ಹೊಯ್ಕೋ" ಎಂದಳು. ನಾನು ಕೇಳಲಿಲ್ಲ, ಸ್ಕ್ಯಾನ್ ಮಾಡಿಸಿದೆ. ಎಲ್‌4-ಎಲ್‌5 ಮೂಳೆಗಳ ನಡುವೆ 'ಡಿಸ್ಕ್ ಬಲ್ಜ್', ಜೊತೆಗೆ 'ಡಿಜನರೇಷನ್' ಎಂದು ವರದಿ ಬಂತು. ಡಿಸ್ಕು ಉಬ್ಬಿದೆ, ಸವೆದಿದೆ! ಇನ್ನು ಮಗಳನ್ನು ಎತ್ತುವಂತಿಲ್ಲ, ಬೈಕು ಹತ್ತುವಂತಿಲ್ಲ ಎಂದು ಹಾಸಿಗೆಯಲ್ಲಿ ಮಲಗಿ ಸೂರು ನೋಡತೊಡಗಿದೆ. ಅಲ್ಲಿ ಮಲಗಿಯೇ, ಹೆದರಿಕೆಯಿಂದ, ಓದಲು ಶುರುಮಾಡಿದೆ. ಮೂರನೆಯ ದಿನದ ಹೊತ್ತಿಗೆ ಹೆದರಿಕೆ ಎಲ್ಲಿ ಹೋಯಿತೋ! ಬೆರಗು ಮಾತ್ರ ಉಳಿದಿತ್ತು.

ಮೊದಲು ಆ ಡಿಸ್ಕನ್ನೇ ನೋಡಿ. ಹುಟ್ಟಿದಾಗ ನಮ್ಮ ಬೆನ್ನುಮೂಳೆಯಲ್ಲಿ 33 ತುಂಡುಗಳು. ಬೆಳೆಯುತ್ತ ಬೆಳೆಯುತ್ತ ಬುಡದವು ಒಂದಕ್ಕೊಂದು ಬೆಸೆದುಕೊಂಡು, ಅಲ್ಲಾಡುವಂಥವು 24 ಉಳಿಯುತ್ತವೆ. ಸೊಂಟದ ಪಾಲಿಗೆ ಬಂದವು ಐದೇ ಐದು. ಮೈಯ ಮೇಲ್ಭಾಗದ ಭಾರವೆಲ್ಲ ಆ ಐದರ ಮೇಲೆ. ಮೂಳೆ ಮೂಳೆಯ ನಡುವೆ ಮೆತ್ತೆಯಂತೆ ಕೂತ ಡಿಸ್ಕುಗಳು ಒಟ್ಟು 23. ಒಂದೊಂದರ ಹೊರಬಳೆಯಲ್ಲಿ 15ರಿಂದ 25 ಪದರ ನಾರು. ಒಂದು ಪದರದ ನಾರು ಎಡಕ್ಕೆ ಓರೆಯಾದರೆ ಅದರ ಮೇಲಿನದು ಬಲಕ್ಕೆ ಓರೆ. ಲಾರಿ ಟೈರಿನೊಳಗಿನ ನೈಲಾನ್ ಎಳೆಗಳನ್ನು ಹೀಗೆ ಅಡ್ಡಡ್ಡ ಹಾಸಬೇಕೆಂದು ಎಂಜಿನಿಯರುಗಳಿಗೆ ಹೊಳೆಯುವ ಎಷ್ಟೋ ಕೋಟಿ ವರ್ಷ ಮೊದಲೇ ಪ್ರಾಣಿಗಳ ಬೆನ್ನಿಗೆ ಈ ನಾರಿನ ಹೆಣಿಗೆ ಗೊತ್ತಿತ್ತು. ಬಳೆಯ ನಡುವೆ ಲೋಳೆ. ಎಳನೀರಿನವರ ಹತ್ತಿರ ತೆಳ್ಳನೆ ಗಂಜಿ ಇರೋದು ಕೊಡಿ ಎಂದು ಕೇಳಿ ಕೆತ್ತಿಸಿಕೊಳ್ಳುತ್ತೇವಲ್ಲ, ಹೆಚ್ಚುಕಮ್ಮಿ ಅದೇ ಹದ. ಎಳೆತನದಲ್ಲಿ ಅದರ ನೂರಕ್ಕೆ ಸುಮಾರು 90 ಪಾಲು ನೀರು!

ಈ ಲೋಳೆ ಎಲ್ಲಿಂದ ಬಂತು ಎಂದು ಹುಡುಕಿದರೆ ಕತೆ ಗರ್ಭಕ್ಕೆ ಹೋಗುತ್ತದೆ. ಭ್ರೂಣಕ್ಕೆ ಮೂರನೆಯ ವಾರ. ಮೂಳೆ ಇಲ್ಲ, ಕೈಕಾಲಿಲ್ಲ. ಆಗ ಅದರ ನಟ್ಟನಡುವೆ ಒಂದು ಮೆತ್ತನೆಯ ಕಡ್ಡಿ ಮೂಡುತ್ತದೆ. ನೋಟೊಕಾರ್ಡ್ ಎಂದು ಅದರ ಹೆಸರು. ಮೇಲು ಯಾವುದು, ಕೆಳಗು ಯಾವುದು, ಬೆನ್ನುಹುರಿ ಎಲ್ಲಿ ಏಳಬೇಕು ಎಂದು ಸುತ್ತಲಿನ ಜೀವಕೋಶಗಳಿಗೆ ಸೂಚನೆ ಕೊಡುವುದು ಅದೇ. ಸಮುದ್ರದ ಮರಳಲ್ಲಿ ಹುದುಗಿ ಬದುಕುವ ಆಂಫಿಯಾಕ್ಸಸ್ ಎಂಬ ಬೆರಳುದ್ದದ ಜೀವಿ ಈಗಲೂ ಸಾಯುವತನಕ ಬರೀ ಆ ಕಡ್ಡಿಯ ಬಲದಲ್ಲೇ ಈಜುತ್ತದೆ. ನಮ್ಮಲ್ಲಿ ಮೂಳೆಗಳು ಬಂದು ಅದನ್ನು ಹಿಸುಕುತ್ತವೆ. ಅಳಿದುಳಿದದ್ದು ಮೂಳೆಗಳ ಸಂದಿಯಲ್ಲಿ ಲೋಳೆಯಾಗಿ ಕೂರುತ್ತದೆ. ಸೋಪು ಹೆಕ್ಕಲು ಬಗ್ಗಿದಾಗ ನಾನು ಹಿಚುಕಿದ್ದು, ಬೆನ್ನೆಲುಬು ಎಂಬುದೇ ಲೋಕದಲ್ಲಿ ಇಲ್ಲದಿದ್ದ ಕಾಲದ ಆ ನೆನಪನ್ನು!

ಇನ್ನೊಂದು ವಿಚಿತ್ರ ಕೇಳಿ. ದೊಡ್ಡವರ ಡಿಸ್ಕಿನ ಒಡಲಿಗೆ ರಕ್ತನಾಳವೇ ಇಲ್ಲ. ನಮ್ಮ ಮೈಯಲ್ಲಿ ರಕ್ತ ಹರಿಯದ ಭಾಗಗಳ ಪೈಕಿ ಇದೇ ಎಲ್ಲಕ್ಕಿಂತ ದೊಡ್ಡದು. ಹಾಗಾದರೆ ಊಟ ಹೇಗೆ? ಪಕ್ಕದ ಮೂಳೆಯ ತೆಳು ಗೋಡೆಯ ಮೂಲಕ ಜಿನುಗಿ ಬರುವುದೇ ಊಟ. ಹಗಲಿಡೀ ಭಾರ ಬಿದ್ದು ನೀರು ಹಿಂಡಿ ಹೋಗುತ್ತದೆ. ಮಲಗಿದಾಗ ಭಾರ ಇಳಿದು, ಒಣಗಿದ ಸ್ಪಂಜಿನಂತೆ ಮತ್ತೆ ಹೀರಿಕೊಳ್ಳುತ್ತದೆ. ನಮ್ಮ ಬಾಗಿಲ ಎರಡು ಗೆರೆಗಳ ನಡುವಿನ ಒಂದೂಕಾಲು ಸೆಂಟಿಮೀಟರಿನಲ್ಲಿ ಬಹುಪಾಲು ಆ ನೀರಿನದೇ.

ಭಾರವೇ ಇಲ್ಲದಿದ್ದರೆ? ಅದನ್ನೂ ಮನುಷ್ಯ ನೋಡಿಬಿಟ್ಟಿದ್ದಾನೆ. 2018ರ ಜನವರಿಯಲ್ಲಿ ಜಪಾನಿನ ಗಗನಯಾತ್ರಿ ನೊರಿಶಿಗೆ ಕನೈ, ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಮೂರು ವಾರವಷ್ಟೇ ಆಗಿದೆ, ತಾನು 9 ಸೆಂಟಿಮೀಟರು ಉದ್ದವಾಗಿದ್ದೇನೆಂದು ಟ್ವಿಟರಿನಲ್ಲಿ ಹೇಳಿಕೊಂಡರು. ಮರಳುವಾಗ ಸೊಯುಜ್ ನೌಕೆಯ ಸೀಟಿನಲ್ಲಿ ಹಿಡಿಸುತ್ತೇನೋ ಇಲ್ಲವೋ ಎಂಬ ಚಿಂತೆ ಬೇರೆ. ಸುದ್ದಿ ಜಗತ್ತೆಲ್ಲ ಹರಡಿತು. ಅವರ ಸೊಯುಜ್ ನೌಕೆಯ ಕಮಾಂಡರ್ ಆಂಟನ್ ಶ್ಕಪ್ಲೆರೊವ್‌ಗೆ ನಂಬಿಕೆ ಬರಲಿಲ್ಲ. ಮತ್ತೆ ಅಳೆದರೆ ಬರೀ 2 ಸೆಂಟಿಮೀಟರು! ಕನೈ ಕ್ಷಮೆ ಕೇಳಿದರು. ಪಾಪ, ಅವರು ವೈದ್ಯರೂ ಹೌದು. ಸ್ಕೇಲು ವಾಲುವುದು ಅಂತರಿಕ್ಷದಲ್ಲೂ ತಪ್ಪಿದ್ದಲ್ಲ ಎಂದು ನನಗೆ ಸಮಾಧಾನವಾಯಿತು.

ಅಚ್ಚರಿ ಇರುವುದು ಎತ್ತರದಲ್ಲಲ್ಲ. ತೂಕವೇ ಇಲ್ಲದ ಆ ಜಾಗದಲ್ಲಿ, ಸೊಂಟಕ್ಕೆ ಸ್ವರ್ಗವೆನ್ನಬಹುದಾದ ಜಾಗದಲ್ಲಿ, ಮೊದಲ ಕೆಲವು ದಿನ ಗಗನಯಾತ್ರಿಗಳಿಗೆ ಸೊಂಟ ನೋಯುತ್ತದೆ! ಬೆನ್ನಿನ ಬಾಗು ನೇರವಾಗುತ್ತದೆ, ಬೆನ್ನಿಗಂಟಿದ ಸಣ್ಣ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ. ಮೊಣಕಾಲನ್ನು ಎದೆಗೆ ಮಡಚಿ ಮುದುಡಿಕೊಂಡರೆ ಅವರಿಗೆ ಹಾಯೆನಿಸುತ್ತದಂತೆ. ಭೂಮಿಗೆ ಮರಳಿದ ಮೇಲೆ ಡಿಸ್ಕು ಜಾರುವ ಸಂಭವ ಉಳಿದವರಿಗಿಂತ ಅವರಿಗೆ ಹೆಚ್ಚು. ಇಷ್ಟು ಓದಿದವನು ಹಾಸಿಗೆಯಲ್ಲಿ ಮಲಗಿದ್ದ ನನ್ನನ್ನೇ ಒಮ್ಮೆ ನೋಡಿಕೊಂಡೆ. ಭಾರ ಇಳಿಸಿ ಬೆನ್ನಿಗೆ ಉಪಕಾರ ಮಾಡುತ್ತಿದ್ದೇನೆಂದು ತಿಳಿದಿದ್ದೆನಲ್ಲ!

ಡಿಸ್ಕಿನ ಒಳಗೆ ಒತ್ತಡ ಎಷ್ಟಿರಬಹುದು? ಬದುಕಿರುವ ಮನುಷ್ಯನ ಡಿಸ್ಕಿಗೆ ಸೂಜಿ ಚುಚ್ಚಿ ಅಳೆಯುವ ಧೈರ್ಯವನ್ನು 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಮಾಡಿದರು. ನಿಂತಿರುವುದಕ್ಕಿಂತ ಕೂತಾಗ ಒತ್ತಡ ಹೆಚ್ಚು ಎಂಬುದು ಅವರ ಲೆಕ್ಕ. ಅದು ದಶಕಗಟ್ಟಲೆ ಪಾಠವಾಗಿ ನಡೆಯಿತು. ಆಮೇಲೆ ಜರ್ಮನಿಯ ಉಲ್ಮ್ ನಗರದ ಹಾನ್ಸ್-ಯೋಆಕಿಮ್ ವಿಲ್ಕೆ ತಂಡ 1999ರಲ್ಲಿ ಪ್ರಕಟಿಸಿದ್ದು ಅದಕ್ಕಿಂತ ಸಾಹಸದ್ದು. 45 ವರ್ಷದ ಮೂಳೆ ವೈದ್ಯರೊಬ್ಬರು ತಾವಾಗಿಯೇ ಮುಂದೆ ಬಂದು ತಮ್ಮ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಾಧನ ಕೂರಿಸಿಕೊಂಡರು. ಸುಮಾರು ಒಂದು ಇಡೀ ದಿನ ನಡೆದರು, ಕೂತರು, ನಕ್ಕರು, ಸೀನಿದರು, 20 ಕಿಲೋ ಭಾರ ಎತ್ತಿದರು, ಮಲಗಿ ನಿದ್ದೆಯನ್ನೂ ಮಾಡಿದರು!

ಅವರ ಅಂಕಿಗಳನ್ನು ನಾನು ಪೆಟ್ರೋಲ್ ಬಂಕಿನ ಭಾಷೆಗೆ ಇಳಿಸಿಕೊಂಡೆ. ಕಾರಿನ ಟೈರಿಗೆ ಗಾಳಿ ಹಿಡಿಸುವಾಗ "ಮೂವತ್ತೆರಡು ಹಾಕಪ್ಪ" ಎನ್ನುತ್ತೇವಲ್ಲ, ಆ ಲೆಕ್ಕದಲ್ಲಿ ಕೇಳಿ. ಮಲಗಿದಾಗ ಡಿಸ್ಕಿನೊಳಗೆ ಸುಮಾರು 15. ಸುಮ್ಮನೆ ನಿಂತರೆ 72. ಬೆನ್ನು ಬಿಲ್ಲಿನಂತೆ ಬಗ್ಗಿಸಿ ಆ 20 ಕಿಲೋ ಎತ್ತಿದರೆ 330 ದಾಟುತ್ತದೆ! ಅದನ್ನೇ ಮಂಡಿ ಮಡಚಿ ಎತ್ತಿದರೆ 250ರ ಹತ್ತಿರ. ಎದೆಗೆ ಅವುಚಿ ಹಿಡಿದರೆ 160. ಲಾರಿ ಟೈರು ಸಿಡಿಯುವಂಥ ಒತ್ತಡವನ್ನು ಈ ಗಂಜಿ ತುಂಬಿದ ಬಳೆ ತಾಳಿಕೊಳ್ಳುತ್ತದೆ, ದಿನವೂ, ವರ್ಷಾನುಗಟ್ಟಲೆ. ಇನ್ನು ಕೂತ ಭಂಗಿ? ಶಾಲೆಯಲ್ಲಿ "ನೆಟ್ಟಗೆ ಕೂರು" ಎಂದು ಗದರಿಸಿಕೊಂಡವರೆಲ್ಲ ಗಮನಿಸಿ: ಬೆನ್ನು ನಿಗುರಿಸಿ ಕೂತಾಗ 80, ಕುರ್ಚಿಯಲ್ಲಿ ಹಾಯಾಗಿ ಜಾರಿ ಒರಗಿದಾಗ 40! ಒಬ್ಬರೇ ಮನುಷ್ಯನ ಅಳತೆ, ನಿಜ. ಆದರೂ ನಮ್ಮ ಪಿ.ಟಿ. ಮೇಷ್ಟ್ರ ಮುಖ ನೆನೆದು ಎಷ್ಟು ಹೊತ್ತು ನಕ್ಕೆನೋ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾತ್ರಿಯ ಅಂಕಿ. ಆ ವೈದ್ಯರು ಮಲಗಿದ್ದಾಗ ಒತ್ತಡ ಮೆಲ್ಲಮೆಲ್ಲಗೆ ಏರುತ್ತ ಹೋಗಿ, ಏಳು ಗಂಟೆಯ ನಿದ್ದೆ ಮುಗಿಯುವ ಹೊತ್ತಿಗೆ 15 ಇದ್ದದ್ದು 35 ಆಗಿತ್ತು. ಅಂದರೆ ಬೆಳಗಿನ ಜಾವ ನಮ್ಮ ಸೊಂಟ ಗಾಳಿ ಹೊಡೆಸಿಕೊಂಡು ಬಂದ ಟೈರು! ಬಿಗಿಯಾಗಿ ಊದಿಕೊಂಡ ಆ ಹೊತ್ತಲ್ಲೇ ಬಗ್ಗಿದರೆ ಹೊರಬಳೆಯ ನಾರುಗಳ ಮೇಲೆ ಎಳೆತ ಜಾಸ್ತಿ. ಅಮೆರಿಕದ ಸ್ಟೋವರ್ ಸ್ನೂಕ್ 1998ರಲ್ಲಿ ಹಳೆಯ ಸೊಂಟನೋವಿನವರಿಗೆ ಹೇಳಿಕೊಟ್ಟದ್ದು ಒಂದೇ ಉಪಾಯ: ಎದ್ದ ಮೊದಲ ಒಂದೆರಡು ಗಂಟೆ ಬಗ್ಗಬೇಡಿ. ಅಷ್ಟರಿಂದಲೇ ಅವರ ನೋವಿನ ದಿನಗಳು ಇಳಿದವು. ನಮ್ಮ ಕಡೆಯ ಹೆಂಗಸರು ಎದ್ದ ಕೂಡಲೇ ಮಾಡುವುದೇನು? ಅಂಗಳ ಗುಡಿಸಿ, ಸಾರಿಸಿ, ಬಗ್ಗಿ ರಂಗೋಲಿ ಇಡುವುದು. ನನ್ನ ಸೋಪು ಜಾರಿದ್ದೂ ಬೆಳಿಗ್ಗೆ ಆರೂಕಾಲಕ್ಕೆ.

ಇಷ್ಟೆಲ್ಲ ಆದಮೇಲೂ ಡಿಸ್ಕು ಎಂಬ ಈ ಆಸಾಮಿ ವೈದ್ಯರ ಕಣ್ಣಿಗೆ ಬಿದ್ದದ್ದು ತೀರಾ ಇತ್ತೀಚೆಗೆ. ಸೊಂಟದಿಂದ ಕಾಲಿಗೆ ಮಿಂಚಿನಂತೆ ಇಳಿಯುವ ನೋವನ್ನು ಆಯುರ್ವೇದ ಗೃಧ್ರಸಿ ಎಂದು ಕರೆಯಿತು. ಗೃಧ್ರ ಎಂದರೆ ಹದ್ದು, ರೋಗಿ ಕಾಲೆಳೆದು ನಡೆಯುವುದು ಹದ್ದು ನೆಲದ ಮೇಲೆ ಕುಪ್ಪಳಿಸಿದಂತೆ. ಎಂಥ ಕಣ್ಣು ನೋಡಿ! ಇಟಲಿಯ ನೇಪಲ್ಸಿನಲ್ಲಿ ದೊಮೆನಿಕೊ ಕೊತುನ್ಯೊ 1764ರಲ್ಲಿ ಅದು ಕೀಲಿನ ನೋವಲ್ಲ, ನರದ ನೋವು ಎಂದು ಬರೆದ. ಅದಕ್ಕೂ ಮೂರು ಸಾವಿರ ವರ್ಷ ಹಿಂದಿನದು ಈಜಿಪ್ಟಿನ ಒಂದು ಪಪೈರಸ್ ಸುರುಳಿ. 1862ರಲ್ಲಿ ಎಡ್ವಿನ್ ಸ್ಮಿತ್ ಎಂಬವನು ಲಕ್ಸರಿನಲ್ಲಿ ಕೊಂಡದ್ದು. ತಲೆಯ ಗಾಯದಿಂದ ಶುರುವಾಗಿ ಒಂದೊಂದೇ ಪೆಟ್ಟನ್ನು ವಿವರಿಸುತ್ತ ಕೆಳಗಿಳಿಯುವ ಅದರಲ್ಲಿ 48ನೆಯದು ಬೆನ್ನುಮೂಳೆಯ ಉಳುಕು. ಕಾಲು ಚಾಚಲು ಹೇಳು, ನೋವಿಗೆ ಅವನು ತಟ್ಟನೆ ಮಡಚಿಕೊಳ್ಳುತ್ತಾನೆ ಎಂಬ ಪರೀಕ್ಷೆ ಇದೆ. ಇವತ್ತಿಗೂ ಡಾಕ್ಟರು ನಮ್ಮನ್ನು ಮಲಗಿಸಿ ಕಾಲೆತ್ತಿಸಿ ನೋಡುವುದಿಲ್ಲವೇ! ಇದನ್ನು ವಾಸಿಮಾಡಬಲ್ಲೆ ಎಂಬ ಭರವಸೆಯೂ ಇದೆ. ರೋಗಿಯನ್ನು ಅಂಗಾತ ಮಲಗಿಸಬೇಕು, ಅವನಿಗಾಗಿ... ಅಷ್ಟೆ. ವಾಕ್ಯದ ನಡುವೆ ಲಿಪಿಕಾರ ಲೇಖನಿ ಕೆಳಗಿಟ್ಟಿದ್ದಾನೆ. ಮುಂದೆ ಸುರುಳಿ ಖಾಲಿ. ಎದ್ದು ಹೋದವನು ಯಾಕೆ ಮರಳಲಿಲ್ಲವೋ! ಅವನದೇ ಸೊಂಟ ಹಿಡಿದುಕೊಂಡಿತೇ ಎಂದು ನನ್ನ ಗುಮಾನಿ.

ಡಿಸ್ಕಿನ ಗುಟ್ಟು ಒಡೆದದ್ದು 1934ರಲ್ಲಿ. ಬಾಸ್ಟನ್ನಿನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ 19 ರೋಗಿಗಳ ಕತೆ ಮುಂದಿಟ್ಟರು. ನರವನ್ನು ಒತ್ತುತ್ತಿದ್ದ ಗಂಟುಗಳನ್ನು ಅಲ್ಲಿಯವರೆಗೆ ಗೆಡ್ಡೆ ಎಂದೇ ಬಗೆದು ತೆಗೆಯುತ್ತಿದ್ದರು. ಇವರು ನೋಡಿದರೆ ಅದು ಗೆಡ್ಡೆಯಲ್ಲ, ಬಳೆ ಸೀಳಿ ಹೊರಚಿಮ್ಮಿದ ಡಿಸ್ಕಿನದೇ ತಿರುಳು! ಕಾರಣ ಸಿಕ್ಕಿಬಿಟ್ಟಿತು ಎಂಬ ಉತ್ಸಾಹದಲ್ಲಿ ಜಗತ್ತಿನ ಶಸ್ತ್ರಕ್ರಿಯಾ ಕೋಣೆಗಳೆಲ್ಲ ಡಿಸ್ಕಿನ ಬೆನ್ನು ಹತ್ತಿದವು.

ಈ ಉತ್ಸಾಹದಲ್ಲೊಂದು ಪರಂಗಿ ಹಣ್ಣಿನ ಕತೆಯಿದೆ. ಮಟನ್ ಬೇಗ ಬೇಯಲೆಂದು ಪರಂಗಿ ಕಾಯಿಯ ಹೋಳು ಹಾಕುತ್ತಾರಲ್ಲ, ಅದರ ಹಾಲಿನಲ್ಲಿ ಮಾಂಸ ಕರಗಿಸುವ ಗುಣವಿದೆ. ಲೂಯಿಸ್ ಥಾಮಸ್ ಎಂಬ ವೈದ್ಯವಿಜ್ಞಾನಿ ಆ ಸಾರವನ್ನು ಮೊಲಗಳಿಗೆ ಚುಚ್ಚಿದಾಗ ಅವುಗಳ ನಿಗುರಿದ ಕಿವಿ ನಾಯಿಮರಿಯ ಕಿವಿಯಂತೆ ಜೋತುಬಿದ್ದವು! 1956ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಿವಿಯ ಮೃದ್ವಸ್ಥಿ ಸಡಿಲವಾಗುವುದಾದರೆ ಜಾರಿದ ಡಿಸ್ಕೇಕೆ ಸಡಿಲವಾಗಬಾರದು? ಲೈಮನ್ ಸ್ಮಿತ್ ಎಂಬ ಮೂಳೆ ವೈದ್ಯರು 1963ರಲ್ಲಿ ಪರಂಗಿಯ ಕೈಮೊಪಪೈನನ್ನು ಮನುಷ್ಯರ ಡಿಸ್ಕಿಗೇ ಚುಚ್ಚಿದರು. 1982ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಕೆಲವರಿಗೆ ಜೀವಕ್ಕೇ ಎರವಾಗುವ ಅಲರ್ಜಿ, ಕೆಲವರಿಗೆ ಬೆನ್ನುಹುರಿಗೇ ಪೆಟ್ಟು; ಕಡೆಗೆ ಔಷಧ ಮಾರುಕಟ್ಟೆಯಿಂದ ಕಣ್ಮರೆಯಾಯಿತು. ಆದರೆ ಯೋಚನೆ ಸಾಯಲಿಲ್ಲ. ಬ್ಯಾಕ್ಟೀರಿಯಾ ಮೂಲದ ಇನ್ನೊಂದು ಕಿಣ್ವಕ್ಕೆ ಜಪಾನು 2018ರಲ್ಲಿ ಅನುಮತಿ ಕೊಟ್ಟಿದೆ.

ಈಗ ನನ್ನ ವರದಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾನು ಹಾಸಿಗೆಯಲ್ಲಿ ಎದ್ದು ಕೂತದ್ದು ಇದನ್ನು ಓದಿಯೇ. 1994ರಲ್ಲಿ ಅಮೆರಿಕದ ಮೌರೀನ್ ಜೆನ್ಸನ್ ಮತ್ತು ಸಂಗಡಿಗರು ಸೊಂಟನೋವೇ ಇಲ್ಲದ 98 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ನೋವಿಲ್ಲ, ಸೆಳೆತವಿಲ್ಲ, ಗಟ್ಟಿಮುಟ್ಟಾದ ಜನ. ಅವರಲ್ಲಿ ನೂರಕ್ಕೆ 52 ಮಂದಿಗೆ ಎಲ್ಲಾದರೊಂದು ಕಡೆ ಡಿಸ್ಕು ಉಬ್ಬಿತ್ತು! ಎಲ್ಲ ಡಿಸ್ಕೂ ಸರಿಯಿದ್ದವರು ನೂರಕ್ಕೆ 36 ಮಾತ್ರ. 2015ರಲ್ಲಿ ಇಂಥ 33 ಅಧ್ಯಯನಗಳ, 3110 ನೋವಿಲ್ಲದ ಜನರ ಲೆಕ್ಕ ಒಟ್ಟು ಮಾಡಿ ನೋಡಿದರೆ, ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕು ಸವೆದಿದೆ. ಎಂಬತ್ತರವರಲ್ಲಿ 96 ಮಂದಿಗೆ. ಅಂದರೆ ನನ್ನ ಕೈಯಲ್ಲಿದ್ದ ಆ ಭಯಾನಕ ಕಾಗದದಲ್ಲಿ ಅರ್ಧಕ್ಕರ್ಧ ಬರೆದದ್ದು ತಲೆ ನರೆತಿದೆ, ಕಣ್ಣಂಚಲ್ಲಿ ಸುಕ್ಕು ಬಿದ್ದಿದೆ ಎಂಬಂಥ ಸಂಗತಿ! ಅದನ್ನು ಯಾರೂ ಆ ಕಾಗದದ ಮೇಲೆ ಬರೆಯುವುದಿಲ್ಲ, ಅದೇ ಸಂಕಟ.

ಅದಿರಲಿ, ನಿಜವಾಗಿ ಡಿಸ್ಕು ಸೀಳಿ ತಿರುಳು ಹೊರಬಿದ್ದವರ ಗತಿ? ಇಲ್ಲಿ ನೋಡಿ ಪವಾಡ. ಹುಟ್ಟಿನಿಂದ ಬಳೆಯೊಳಗೆ ಬಂದಿಯಾಗಿದ್ದ ಆ ತಿರುಳನ್ನು ನಮ್ಮ ರಕ್ತದ ಕಾವಲುಗಾರ ಕೋಶಗಳು ಎಂದೂ ಕಂಡಿಲ್ಲ. ಹೊರಬಂದ ಕೂಡಲೇ, ಇದ್ಯಾವನೋ ಪರಕೀಯ ಎಂದು ಮುತ್ತಿಗೆ ಹಾಕಿ ತಿನ್ನತೊಡಗುತ್ತವೆ! ತಿಂಗಳುಗಳಲ್ಲಿ ಅದು ಕುಗ್ಗುತ್ತದೆ, ಎಷ್ಟೋ ಸಲ ಮಾಯವೇ ಆಗುತ್ತದೆ. ಇನ್ನೂ ಸೋಜಿಗವೆಂದರೆ ಗಾಯ ದೊಡ್ಡದಾದಷ್ಟೂ ಈ ಕರಗುವಿಕೆ ಚೆನ್ನ. 2015ರಲ್ಲಿ ಬಂದ ಇನ್ನೊಂದು ಲೆಕ್ಕದ ಪ್ರಕಾರ, ತಿರುಳು ಪೂರ್ತಿ ತುಂಡಾಗಿ ಬೇರೆ ಬಿದ್ದವರಲ್ಲಿ ನೂರಕ್ಕೆ 96 ಮಂದಿಯಲ್ಲಿ ಅದು ಕುಗ್ಗಿತು. ಬರೀ ಉಬ್ಬು ಇದ್ದವರಲ್ಲಿ 13 ಮಂದಿಯಲ್ಲಿ ಮಾತ್ರ. ಸ್ಕ್ಯಾನಿನಲ್ಲಿ ಘೋರವಾಗಿ ಕಾಣುವುದು ಮೊದಲು ಕರಗುತ್ತದೆ! ಕಾಲಿನ ಸೆಳೆತ ತಾಳಲಾರದವರಿಗೆ ಶಸ್ತ್ರಚಿಕಿತ್ಸೆ ಬೇಗ ಬಿಡುಗಡೆ ಕೊಡುತ್ತದೆ, ಅದು ನಿಜ. ಆದರೆ ಓಸ್ಲೊದ ಹೆನ್ರಿಕ್ ವೆಬರ್ ಹತ್ತು ವರ್ಷ ಬೆನ್ನುಬಿಡದೆ ನೋಡಿದಾಗ, ಮೊದಲ ವರ್ಷ ಮುಂದಿದ್ದ ಶಸ್ತ್ರಚಿಕಿತ್ಸೆಯವರೂ ಮಾಡಿಸಿಕೊಳ್ಳದವರೂ ಕೊನೆಗೆ ಒಂದೇ ಕಡೆ ಬಂದು ನಿಂತಿದ್ದರು.

ಒಂದು ಮಾತು ಇಲ್ಲಿ ಬೆರಗನ್ನು ಬದಿಗಿಟ್ಟು ಹೇಳಬೇಕು. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಭಾಗ ಜೋಮು ಹಿಡಿದರೆ, ಎರಡೂ ಕಾಲು ಸೋತರೆ ಅದು ಗಂಟೆಗಳ ಲೆಕ್ಕದ ತುರ್ತು. ಬೆನ್ನುಹುರಿಯ ತುದಿಯಲ್ಲಿ ಕುದುರೆಬಾಲದಂತೆ ಇಳಿಬಿದ್ದ ನರಗಳ ಗೊಂಚಲು ಒತ್ತಿಹೋಗಿರುತ್ತದೆ. ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ನಮ್ಮ ದೇಶದಲ್ಲಿ ಮೊದಲು ನೆನೆಯಬೇಕಾದದ್ದು ಬೆನ್ನುಮೂಳೆಯ ಕ್ಷಯ. ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು, ವಯಸ್ಸಾದವರು ಬಿದ್ದ ಮೇಲಿನ ನೋವು, ಹರೆಯದವರಿಗೆ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಮರಗಟ್ಟಿ ಓಡಾಡಿದ ಮೇಲೆ ಸಡಿಲವಾಗುವುದು, ಇವನ್ನೆಲ್ಲ ಉಳುಕು ಎಂದು ತಳ್ಳಿಹಾಕುವಂತಿಲ್ಲ. ಇಂಥವರು ಕಡಿಮೆ. ಹತ್ತರಲ್ಲಿ ಒಂಬತ್ತು ಸೊಂಟನೋವಿಗೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ.

ಬೆರಳಿಟ್ಟು ತೋರಿಸುವ ಆಸೆ ನನಗೂ ಇತ್ತು. ಕುರ್ಚಿಯೋ, ಬೈಕೋ, ಬೆಂಗಳೂರಿನ ಗುಂಡಿಗಳೋ? ಫಿನ್ಲೆಂಡಿನಲ್ಲಿ 115 ಜೋಡಿ ತದ್ರೂಪಿ ಅವಳಿ ಗಂಡಸರ ಬೆನ್ನನ್ನು ಪಕ್ಕಪಕ್ಕ ಇಟ್ಟು ನೋಡಿದ್ದಾರೆ, 1995ರಲ್ಲಿ. ಜೀವಮಾನವೆಲ್ಲ ಬೇರೆ ಬೇರೆ ಕೆಲಸ ಮಾಡಿದ ಅಣ್ಣತಮ್ಮಂದಿರು. ಸೊಂಟದ ಕೆಳಭಾಗದ ಡಿಸ್ಕು ಸವೆಯುವುದರಲ್ಲಿ ಹೊತ್ತ ಭಾರದ ಪಾಲು ನೂರಕ್ಕೆ ಎರಡು! ಹುಟ್ಟು ಮತ್ತು ಬೆಳೆದ ಮನೆ ಸೇರಿಸಿದರೆ ವಿವರಣೆ 43ಕ್ಕೆ ಏರುತ್ತದೆ. ಉಳಿದರ್ಧ ಅವರಿಗೂ ಸಿಗಲಿಲ್ಲ. ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವವರ ಸೊಂಟ ನೋಯುವುದಿಲ್ಲ ಎಂದಲ್ಲ, ಖಂಡಿತ ನೋಯುತ್ತದೆ. ಆದರೆ ನೋವು ಬೇರೆ, ಸವೆತ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡದ್ದೇ ನಮ್ಮ ಶತಮಾನದ ಎಡವಟ್ಟು.

ನೋವು ಎಲ್ಲಿ ಹುಟ್ಟುತ್ತದೆ? 1995ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಒಂದು ಪುಟ್ಟ ಟಿಪ್ಪಣಿ ಇದೆ. 29 ವರ್ಷದ ಗಾರೆ ಕೆಲಸದವನೊಬ್ಬ 15 ಸೆಂಟಿಮೀಟರಿನ ಮೊಳೆಯ ಮೇಲೆ ಹಾರಿದ. ಮೊಳೆ ಬೂಟು ತೂರಿ ಮೇಲೆ ಬಂದಿತ್ತು. ಕೊಂಚ ಅಲ್ಲಾಡಿದರೂ ಚೀರುತ್ತಿದ್ದ. ಬಲವಾದ ನೋವು ನಿವಾರಕ ಚುಚ್ಚಿ, ಮೊಳೆ ಕಿತ್ತು, ಬೂಟು ಬಿಚ್ಚಿ ನೋಡಿದರೆ ಮೊಳೆ ಬೆರಳುಗಳ ಸಂದಿಯಲ್ಲಿ ಹಾದುಹೋಗಿತ್ತು. ಕಾಲಿಗೆ ಗೀರೂ ಇಲ್ಲ! ಅವನು ನಟಿಸುತ್ತಿರಲಿಲ್ಲ. ಅಪಾಯವಿದೆ ಎಂದು ಮಿದುಳು ನಂಬಿತ್ತು, ನೋವನ್ನು ಕೊಟ್ಟಿತ್ತು. ಹಳೆಯ ಸೊಂಟನೋವಿನ ಬಹಳಷ್ಟು ಪ್ರಕರಣಗಳಲ್ಲಿ ಗಾಯ ಮಾಗಿದ್ದರೂ ಗಂಟೆ ಬಾರಿಸುತ್ತಲೇ ಇರುತ್ತದೆ. ಅಮೆರಿಕದ ಕೊಲರಾಡೊದ ಬೋಲ್ಡರಿನಲ್ಲಿ 151 ಹಳೆಯ ಸೊಂಟನೋವಿನವರ ಮೇಲೆ ಒಂದು ಪ್ರಯೋಗವಾಯಿತು. ಅವರಲ್ಲಿ ಒಂದು ಗುಂಪಿಗೆ, ನಿಮ್ಮ ಬೆನ್ನು ಸುರಕ್ಷಿತ, ಇದು ಸುಳ್ಳು ಗಂಟೆ ಎಂದು ಒಂದು ತಿಂಗಳು ಮಾತಿನ ಮೂಲಕ, ಚಲನೆಯ ಮೂಲಕ ಮನದಟ್ಟು ಮಾಡಿಸಿದರು. ಆ ಗುಂಪಿನಲ್ಲಿ ನೂರಕ್ಕೆ 66 ಮಂದಿಯ ನೋವು ಹೋಯಿತು, ಇಲ್ಲವೇ ಇದ್ದೂ ಇಲ್ಲದಂತಾಯಿತು. ಎಂದಿನ ಚಿಕಿತ್ಸೆಯಲ್ಲೇ ಉಳಿದವರಲ್ಲಿ 10 ಮಂದಿಗೆ ಮಾತ್ರ.

ಹಾಗಾದರೆ ಮದ್ದು? 1986ರಲ್ಲೇ ಅಮೆರಿಕದಲ್ಲಿ ಏಳು ದಿನ ಮಲಗಿದವರನ್ನೂ ಎರಡು ದಿನ ಮಲಗಿದವರನ್ನೂ ಹೋಲಿಸಿದ್ದರು; ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು. 1995ರಲ್ಲಿ ಹೆಲ್ಸಿಂಕಿಯ ನಗರಸಭೆ ನೌಕರರಲ್ಲಿ ಕೆಲವರಿಗೆ ಮಲಗಲು ಹೇಳಿದರು, ಕೆಲವರಿಗೆ ವ್ಯಾಯಾಮ ಕಲಿಸಿದರು, ಉಳಿದವರಿಗೆ ತಾಳುವಷ್ಟು ಮಟ್ಟಿಗೆ ಎಂದಿನ ಕೆಲಸ ಮಾಡಿಕೊಂಡಿರಿ ಎಂದರು. ಗೆದ್ದವರು ಮೂರನೆಯವರು! 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು ಜನರ ಮೇಲೆ ನೋಡಿದಾಗ, ಹೊಸದಾಗಿ ಹಿಡಿದ ಸೊಂಟಕ್ಕೆ ಪ್ಯಾರಾಸಿಟಮಾಲ್ ಖಾಲಿ ಗುಳಿಗೆಗಿಂತ ಒಂದು ದಿನವೂ ಮುಂದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿಗೆ ಕೊಟ್ಟ ಸಲಹೆಯಲ್ಲಿ ವ್ಯಾಯಾಮ, ತಿಳುವಳಿಕೆ, ಮನಸ್ಸಿನ ಚಿಕಿತ್ಸೆ, ಅಂಗಮರ್ದನ ಇವೆ. ಸೊಂಟದ ಬೆಲ್ಟು, ಟ್ರ್ಯಾಕ್ಷನ್, ಅಫೀಮಿನ ಜಾತಿಯ ಮಾತ್ರೆ ಬೇಡ ಎಂದಿದೆ. ಇನ್ನು 2024ರಲ್ಲಿ ಸಿಡ್ನಿಯಿಂದ ಬಂದ ಸುದ್ದಿ: ನೋವು ವಾಸಿಯಾದ 701 ಜನರಲ್ಲಿ ಅರ್ಧ ಜನರಿಗೆ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಅಭ್ಯಾಸ ಹಚ್ಚಿದರು. ಸುಮ್ಮನೆ ಬಿಟ್ಟವರಲ್ಲಿ ನೋವು ಸರಾಸರಿ 112 ದಿನಕ್ಕೆ ಮರಳಿತು. ನಡೆದವರಲ್ಲಿ 208 ದಿನಕ್ಕೆ. ಖರ್ಚು ಒಂದು ಜೊತೆ ಚಪ್ಪಲಿ!

ಇನ್ನೊಂದೇ ಒಂದು, ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 2016ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಹಳೆಯ ಸೊಂಟನೋವಿನವರ ಕೈಗೆ ಒಂದು ಸೀಸೆ ಕೊಟ್ಟರು. ಅದರ ಮೇಲೆ ಖಾಲಿ ಗುಳಿಗೆ ಎಂದೇ ಬರೆದಿತ್ತು. ಇದರಲ್ಲಿ ಔಷಧವಿಲ್ಲ ಎಂದು ಬಾಯಿಬಿಟ್ಟು ಹೇಳಿಯೂ ಹೇಳಿದರು. ದಿನಕ್ಕೆರಡು ಹೊತ್ತು ನುಂಗಿದವರ ನೋವು ಮೂರು ವಾರದಲ್ಲಿ ನೂರಕ್ಕೆ 30ರಷ್ಟು ಇಳಿಯಿತು!

ಓದಿದವನೇ ಅಮ್ಮನಿಗೆ ಫೋನು ಮಾಡಿದೆ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ದೊಡ್ಡಮಾವ ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಅಂಥವರು ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದೆಂದು ಸುತ್ತಮುತ್ತಲಿನ ಜನರ ನಂಬಿಕೆ. ನಾನು ಚಿಕ್ಕವನಿದ್ದಾಗ ಬೆಳಬೆಳಿಗ್ಗೆ ಅಂಗಳದಲ್ಲಿ ಯಾರಾದರೊಬ್ಬರು ಬೆನ್ನು ಕೊಟ್ಟು ನಿಂತಿರುತ್ತಿದ್ದರು. ಮಾವ ಕಾಫಿ ಲೋಟ ಕೆಳಗಿಟ್ಟು, ನಾಚಿಕೊಂಡು, ಮೆಲ್ಲಗೆ ಮೂರು ಸಲ ಕಾಲು ತಾಗಿಸಿ ಒಳಗೆ ಹೋಗುತ್ತಿದ್ದ.

"ಅಮ್ಮಾ, ಅವರಿಗೆಲ್ಲ ನಿಜವಾಗ್ಲೂ ವಾಸಿ ಆಗ್ತಿತ್ತಾ?"

"ಆಗ್ದೇ ಇದ್ರೆ ಯಾಕೆ ಬರ್ತಿದ್ರು? ಆದ್ರೆ ಒಂದಿನ ಬಂದ್ರೆ ಸಾಲ್ತಿರ್ಲಿಲ್ಲ. ಮೂರು ದಿನ ಬರ್ಬೇಕಿತ್ತು, ಅದೂ ಸೂರ್ಯ ಹುಟ್ಟೋ ಹೊತ್ತಿಗೆ."

"ಅಷ್ಟು ದೂರದಿಂದ ಹೇಗೆ ಬರ್ತಿದ್ರು, ಸೊಂಟ ಹಿಡ್ಕೊಂಡವರು?"

"ಹೇಗೆ ಅಂದ್ರೆ? ಆಗ ಬಸ್ಸೆಲ್ಲಿತ್ತೋ," ಎಂದಳು ಅಮ್ಮ. "ನಡ್ಕೊಂಡು ಬರ್ತಿದ್ರು. ಒದೆಸ್ಕೊಂಡು, ನಡ್ಕೊಂಡು ಹೋಗ್ತಿದ್ರು."